ಮನಸ್ಸಿನ ಗಾಯಕ್ಕೆ ಸಿನಿಮಾ: ನೂರು ವರ್ಷದ ಒಂದು ಕಥೆ

ನಾನು ದುಬೈಗೆ ಬಂದಿದ್ದು 2006ರಲ್ಲಿ, ಎಸಿ ಡಕ್ಟ್ ಕೆಲಸದ ಹೆಲ್ಪರ್ ಆಗಿ. ಸೋನಾಪುರದ ಕ್ಯಾಂಪಿನಲ್ಲಿ ಒಂದು ರೂಮು, ಎಂಟು ಜನ, ನಾಲ್ಕು ಡಬಲ್ ಮಂಚ. ನಮ್ಮ ಜೊತೆ ಕಾರ್ಕಳ ಕಡೆಯ ಒಬ್ಬ ಅಣ್ಣ ಇದ್ದರು, ಶಟರಿಂಗ್ ಕಾರ್ಪೆಂಟರ್. ಒಂದು ದಿನ ಊರಿಂದ ಫೋನ್ ಬಂತು, ಅವರ ತಂದೆ ತೀರಿಕೊಂಡಿದ್ದರು. ಕಂಪನಿಯವರು ರಜೆ ಕೊಡಲಿಲ್ಲ. 'ಸ್ಲ್ಯಾಬ್ ಮುಗಿಯಲಿ, ಆಮೇಲೆ ನೋಡೋಣ' ಅಂದರು. ಸ್ಲ್ಯಾಬ್ ಮುಗಿಯುವ ಹೊತ್ತಿಗೆ ಬೊಜ್ಜವೂ ಮುಗಿದಿತ್ತು. ಅಣ್ಣ ಅಳಲಿಲ್ಲ, ಜಗಳ ಮಾಡಲಿಲ್ಲ. ಮಾತು ನಿಲ್ಲಿಸಿಬಿಟ್ಟರು, ಅಷ್ಟೇ. ಬೆಳಿಗ್ಗೆ ನಾಲ್ಕಕ್ಕೆ ಏಳೋದು, ಬಸ್ಸು ಹತ್ತೋದು, ಬಂದು ಮಲಗಿ ಮೇಲಿನ ಮಂಚದ ಹಲಗೆ ನೋಡೋದು. ಸುಮಾರು ಎರಡು ತಿಂಗಳು ಹೀಗೇ ನಡೀತು.

ಒಂದು ಶುಕ್ರವಾರ ಮಧ್ಯಾಹ್ನ ಪಕ್ಕದ ರೂಮಿನವರು 'ಕಸ್ತೂರಿ ನಿವಾಸ' ಸಿನಿಮಾದ ಸಿಡಿ ತಂದರು. ಆ ವರ್ಷ ಏಪ್ರಿಲ್‌ನಲ್ಲಿ ಅಣ್ಣಾವ್ರು ತೀರಿಕೊಂಡಿದ್ದರು. ಹಾಗಾಗಿ ಯಾರ ರೂಮಿಗೆ ಹೋದರೂ ರಾಜ್‌ಕುಮಾರ್ ಸಿನಿಮಾನೇ ಓಡ್ತಿತ್ತು. ಚಿತ್ರದ ಕೊನೆಗೆ ನಾಯಕ ಸಾಯುವ ಹೊತ್ತಿಗೆ ಹಿಂದಿನಿಂದ ಒಂದು ಶಬ್ದ ಬಂತು. ತಿರುಗಿ ನೋಡಿದರೆ ಕಾರ್ಕಳದ ಅಣ್ಣ ತಲೆದಿಂಬು ಬಾಯಿಗೆ ಒತ್ತಿಕೊಂಡು ಅಳ್ತಾ ಇದ್ದರು. ನಮಗೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಒಬ್ಬ ಎದ್ದು ಟಿವಿ ಆಫ್ ಮಾಡಿದ. ಅಣ್ಣ ಅಂದರು: 'ಬಂದ್ ಮಾಡ್ಬೇಡಿ ಮಾರಾಯ್ರೆ, ಪೂರ್ತಿ ನೋಡುವ.'

ಆ ರಾತ್ರಿ ಎರಡು ಗಂಟೆವರೆಗೆ ಅವರು ಅಪ್ಪನ ವಿಷಯ ಮಾತಾಡಿದರು. ಅಪ್ಪ ಹೇಗೆ ಮರ ಹತ್ತುತ್ತಿದ್ದರು, ಹೇಗೆ ಬೈಯ್ತಿದ್ದರು, ಏರ್‌ಪೋರ್ಟಿಗೆ ಹೊರಟಾಗ ಜೇಬಿಗೆ ಐನೂರು ರೂಪಾಯಿ ತುರುಕಿದ್ದು, ಎಲ್ಲ. ಮರುದಿನ ಅವರೇನೂ ಪೂರ್ತಿ ಸರಿಹೋಗಲಿಲ್ಲ. ಆದರೆ ಚಹಾ ಕುಡಿಯೋಕೆ ನಮ್ಮ ಜೊತೆ ಕೂತರು.

ಆಗ ನನಗೆ ಅದು ಕಾಕತಾಳೀಯ ಅನ್ನಿಸಿತ್ತು. 2020ರಲ್ಲಿ ಲಾಕ್‌ಡೌನ್ ಆಗಿ ರೂಮಿನಲ್ಲೇ ಕೂತಿದ್ದಾಗ ಮೊಬೈಲಿನಲ್ಲಿ ಒಂದು ಹಳೆಯ ಯುದ್ಧಕಾಲದ ಚಿತ್ರ ನೋಡಿದೆ. ಅದರ ಹಿಂದಿನ ಕಥೆ ಹುಡುಕುತ್ತಾ ಹೋದಂತೆ ತಿಳಿದದ್ದು ಇದು: ಮನಸ್ಸಿಗೆ ಪೆಟ್ಟು ಬಿದ್ದವರು ಸಿನಿಮಾ ನೋಡಿ, ಸಿನಿಮಾ ಮಾಡಿ, ಸ್ವಲ್ಪ ಸ್ವಲ್ಪ ಚೇತರಿಸಿಕೊಂಡದ್ದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸ ಇದೆ. ಆ ಇತಿಹಾಸವನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಸೈನಿಕರೇ ತೆಗೆದ ಯುದ್ಧ

ಕಥೆ ಶುರುವಾಗೋದು ಮೊದಲನೇ ಮಹಾಯುದ್ಧದಲ್ಲಿ. ಕಂದಕಗಳಲ್ಲಿ ತಿಂಗಳುಗಟ್ಟಲೆ ಕೂತು ಶೆಲ್ ದಾಳಿ ಎದುರಿಸಿದ ಸೈನಿಕರಲ್ಲಿ ವಿಚಿತ್ರ ತೊಂದರೆಗಳು ಕಾಣಿಸಿಕೊಂಡವು. ಮೈಮೇಲೆ ಒಂದು ಗಾಯ ಇಲ್ಲ, ಆದರೆ ಕಾಲು ಬರ್ತಿಲ್ಲ. ಗಂಟಲು ಸರಿ ಇದೆ, ಮಾತು ಬರ್ತಿಲ್ಲ. ಕಣ್ಣು ಸರಿ ಇದೆ, ಕಾಣ್ತಿಲ್ಲ. ಕೆಲವರಿಗೆ ಮೈಯೆಲ್ಲ ನಡುಕ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಾಗ 'ಶೆಲ್ ಶಾಕ್' ಎಂಬ ಹೆಸರು ಬಳಸಿದರು. ಯುದ್ಧ ಮುಗಿಯುವಷ್ಟರಲ್ಲಿ ಬ್ರಿಟಿಷ್ ಸೇನೆಯಲ್ಲೇ ಸುಮಾರು 80,000 ಪ್ರಕರಣಗಳು ದಾಖಲಾಗಿದ್ದವು.

ಸೇನೆಯ ದೊಡ್ಡವರಲ್ಲಿ ಅನೇಕರಿಗೆ ಇದು ಕಾಯಿಲೆ ಅನ್ನಿಸಲಿಲ್ಲ, ಹೇಡಿತನ ಅನ್ನಿಸಿತು. ಆ ಯುದ್ಧದಲ್ಲಿ ಓಡಿಹೋದದ್ದು, ಹೇಡಿತನ ತೋರಿದ್ದು ಮುಂತಾದ ಆರೋಪದ ಮೇಲೆ 306 ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಸೈನಿಕರನ್ನು ಅವರದೇ ಸೇನೆ ಗುಂಡಿಟ್ಟು ಕೊಂದಿತು. ಅವರಲ್ಲಿ ಎಷ್ಟೋ ಮಂದಿ ಮನಸ್ಸು ಕುಸಿದವರು ಎಂಬುದನ್ನು ಒಪ್ಪಿಕೊಂಡು ಬ್ರಿಟಿಷ್ ಸರಕಾರ ಕ್ಷಮಾದಾನ ಕೊಟ್ಟದ್ದು 2006ರಲ್ಲಿ. ಹೆಚ್ಚುಕಡಿಮೆ ತೊಂಬತ್ತು ವರ್ಷ ಬೇಕಾಯಿತು.

ಇಂಥ ಕಾಲದಲ್ಲಿ ಆರ್ಥರ್ ಹರ್ಸ್ಟ್ ಎಂಬ ಸೇನಾ ವೈದ್ಯರು ಒಂದು ಕೆಲಸ ಮಾಡಿದರು. ಮೊದಲು ಸೌತಾಂಪ್ಟನ್ ಹತ್ತಿರದ ನೆಟ್ಲಿ ಆಸ್ಪತ್ರೆಯಲ್ಲಿ, ಆಮೇಲೆ 1918ರಲ್ಲಿ ಡೆವನ್ ಪ್ರಾಂತ್ಯದ ಸೀಲ್ ಹೇನ್ ಎಂಬಲ್ಲಿ, ತಮ್ಮ ರೋಗಿಗಳನ್ನು ಚಲನಚಿತ್ರದಲ್ಲಿ ಹಿಡಿದರು. ಸೀಲ್ ಹೇನ್ ಮೂಲತಃ ಕೃಷಿ ಕಾಲೇಜು, ಯುದ್ಧಕ್ಕಾಗಿ ಆಸ್ಪತ್ರೆ ಆಗಿತ್ತು. ಅಲ್ಲಿ ರೋಗಿಗಳು ಹೊಲದ ಕೆಲಸ ಮಾಡುತ್ತಿದ್ದರು, ಬುಟ್ಟಿ ಹೆಣೆಯುತ್ತಿದ್ದರು. 'ವಾರ್ ನ್ಯೂರೋಸಸ್' ಎಂಬ ಆ ಮೂಕಿಚಿತ್ರ ಇವತ್ತಿಗೂ ಉಳಿದಿದೆ. ಮೊದಲ ದೃಶ್ಯದಲ್ಲಿ ನಡೆಯಲಾರದೆ ತಡವರಿಸುವ ಮನುಷ್ಯ, ಮುಂದಿನ ದೃಶ್ಯದಲ್ಲಿ ಅದೇ ಮನುಷ್ಯ ಸಲೀಸಾಗಿ ಮೆಟ್ಟಿಲಿಳಿಯುತ್ತಾನೆ.

ಆ ಚಿತ್ರದ ಕೊನೆಯ ಭಾಗ ನನಗೆ ಬಹಳ ಮುಖ್ಯ ಅನ್ನಿಸಿತು. ಅದರ ಹೆಸರು 'ಸೀಲ್ ಹೇನ್ ಕದನ'. ಗುಣಮುಖರಾಗುತ್ತಿದ್ದ ರೋಗಿಗಳೇ ನಿರ್ದೇಶಿಸಿ, ಕ್ಯಾಮೆರಾ ಹಿಡಿದು, ನಟಿಸಿದ್ದು ಅಂತ ಚಿತ್ರದ ಬರಹವೇ ಹೇಳುತ್ತದೆ. ಯಾವ ಯುದ್ಧದ ಶಬ್ದ ಕೇಳಿದರೆ ಮಂಚದ ಕೆಳಗೆ ಅಡಗುತ್ತಿದ್ದರೋ ಅದೇ ಯುದ್ಧವನ್ನು ಡೆವನ್ನಿನ ಹಸಿರು ಬಯಲಿನಲ್ಲಿ ಮತ್ತೆ ಆಡಿ ತೋರಿಸಿದರು. ಹೊಗೆ ಎದ್ದಿತು, ಸೈನಿಕರು ಬಿದ್ದರು, ಸ್ಟ್ರೆಚರ್ ಬಂತು. ಆದರೆ ಈ ಸಲ ಯುದ್ಧ ಯಾವಾಗ ಶುರು, ಯಾವಾಗ ಕಟ್ ಅಂತ ಹೇಳುವವರು ಅವರೇ. ಬಿದ್ದವರೆಲ್ಲ ಆಮೇಲೆ ಎದ್ದು ಮಣ್ಣು ಕೊಡವಿಕೊಂಡರು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. 'ಚಿಕಿತ್ಸೆಗೆ ಮುಂಚೆ' ಎಂದು ತೋರಿಸಿದ ಕೆಲವು ದೃಶ್ಯಗಳನ್ನು ರೋಗಿ ವಾಸಿಯಾದ ಮೇಲೆ ನಟಿಸಿ ತೆಗೆದಿರಬೇಕು ಅಂತ ಇತಿಹಾಸಕಾರರು ಆಮೇಲೆ ಗುರುತಿಸಿದರು. ಡಾಕ್ಟರ್‌ಗೆ ತಮ್ಮ ಚಿಕಿತ್ಸೆಯ ಹಿರಿಮೆ ತೋರಿಸಬೇಕಿತ್ತು. ಅಂದರೆ ಸಿನಿಮಾ ಮೊದಲ ದಿನದಿಂದಲೂ ಮದ್ದೂ ಹೌದು, ಜಾಹೀರಾತೂ ಹೌದು.

ಛಾವಣಿಯ ಮೇಲೆ ಸಿನಿಮಾ

ಅದೇ ಯುದ್ಧದ ಕೊನೆಯ ದಿನಗಳಲ್ಲಿ ಫ್ರಾನ್ಸಿನಲ್ಲಿದ್ದ ಅಮೆರಿಕನ್ ಸೇನಾ ಆಸ್ಪತ್ರೆಗಳಲ್ಲಿ ಇನ್ನೊಂದು ಉಪಾಯ ಬಂತು. ಬೆನ್ನು ಮುರಿದವರು, ಕಾಲು ಎತ್ತಿ ಕಟ್ಟಿಸಿಕೊಂಡವರು ಎದ್ದು ಕೂರುವ ಹಾಗಿಲ್ಲ. ಅವರು ದಿನವಿಡೀ ನೋಡೋದು ಛಾವಣಿಯನ್ನೇ. ಸರಿ, ಪ್ರೊಜೆಕ್ಟರನ್ನೇ ಮೇಲಕ್ಕೆ ತಿರುಗಿಸಿ ಛಾವಣಿಗೇ ಸಿನಿಮಾ ಬಿಟ್ಟರು. ಸಾಲು ಮಂಚಗಳಲ್ಲಿ ಅಂಗಾತ ಮಲಗಿದ ಸೈನಿಕರು ಮೇಲೆ ನೋಡುತ್ತಿರುವ ಫೋಟೋ ಇದೆ.

ನನಗಂತೂ ಆ ಫೋಟೋ ನೋಡಿದಾಗ ನಮ್ಮ ಕ್ಯಾಂಪು ನೆನಪಾಯಿತು. ಡಬಲ್ ಮಂಚದ ಮೇಲೆ ಮಲಗಿದವನಿಗೆ ಛಾವಣಿ, ಕೆಳಗಿನವನಿಗೆ ಹಲಗೆ. ನಾವು ಕೂಡ ಅದರ ಮೇಲೆ ಎಷ್ಟು ಸಿನಿಮಾ ಓಡಿಸಿಕೊಂಡಿಲ್ಲ! ಊರಿನ ಮನೆ, ಮಗಳ ಶಾಲೆ, ತೀರಿಸಬೇಕಾದ ಸಾಲ. ಆ ಓಡೋ ಚಿತ್ರಕ್ಕೆ ಬದಲಾಗಿ ಒಂದು ಗಂಟೆ ಬೇರೆ ಚಿತ್ರ ಓಡಿದರೆ ಅದೂ ಒಂದು ವಿಶ್ರಾಂತಿ. ಅದು ಚಿಕಿತ್ಸೆ ಅಲ್ಲದಿರಬಹುದು. ಆದರೆ ಗಾಯ ಮಾಯಲು ನಿದ್ದೆ ಎಷ್ಟು ಮುಖ್ಯವೋ ಮನಸ್ಸಿಗೆ ಇಂಥ ಬಿಡುವು ಅಷ್ಟೇ ಮುಖ್ಯ.

ಒಂದು ಏಟು, ಒಂದು ಚಿತ್ರ

ಈಗ ಎರಡನೇ ಮಹಾಯುದ್ಧಕ್ಕೆ ಬರೋಣ. 1943ರ ಆಗಸ್ಟ್, ಇಟಲಿಯ ಸಿಸಿಲಿ ದ್ವೀಪ. ಅಮೆರಿಕದ ಪ್ರಸಿದ್ಧ ಸೇನಾಪತಿ ಜನರಲ್ ಜಾರ್ಜ್ ಪ್ಯಾಟನ್ ಗಾಯಾಳುಗಳನ್ನು ನೋಡಲು ಆಸ್ಪತ್ರೆಗೆ ಹೋದರು. ಅಲ್ಲಿ ಮೈಮೇಲೆ ಗಾಯವಿಲ್ಲದ ಒಬ್ಬ ಸೈನಿಕ ಕೂತಿದ್ದ. ಏನಾಗಿದೆ ಅಂತ ಕೇಳಿದಾಗ, ತನ್ನಿಂದ ತಡೆದುಕೊಳ್ಳಲು ಆಗುತ್ತಿಲ್ಲ ಅನ್ನುವ ಅರ್ಥದ ಉತ್ತರ ಕೊಟ್ಟ. ಪ್ಯಾಟನ್ ಅವನನ್ನು ಹೊಡೆದು ಟೆಂಟಿನಿಂದ ಆಚೆ ತಳ್ಳಿದರು. ಆಮೇಲೆ ಪರೀಕ್ಷಿಸಿದರೆ ಆ ಹುಡುಗನಿಗೆ ಮಲೇರಿಯಾ ಜ್ವರವೂ ಇತ್ತು. ಒಂದು ವಾರದಲ್ಲಿ ಇನ್ನೊಂದು ಆಸ್ಪತ್ರೆಯಲ್ಲಿ ಇನ್ನೊಬ್ಬ ಸೈನಿಕನಿಗೂ ಇದೇ ಆಯಿತು. ವಿಷಯ ಮೇಲಿನವರಿಗೆ ಹೋಗಿ, ಐಸೆನ್‌ಹೋವರ್ ಛೀಮಾರಿ ಹಾಕಿ, ಪ್ಯಾಟನ್ ಕ್ಷಮೆ ಕೇಳಬೇಕಾಯಿತು. ಆ ಜನರಲ್ ಹೆಸರು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಯುದ್ಧ ಮುಗಿಯುವಾಗ ಅಮೆರಿಕಕ್ಕೆ ಒಂದು ಸಮಸ್ಯೆ. ಯುದ್ಧದಲ್ಲಿ ಗಾಯಗೊಂಡವರಲ್ಲಿ ಸುಮಾರು ನೂರಕ್ಕೆ ಇಪ್ಪತ್ತು ಮಂದಿಗೆ ಆಗಿದ್ದು ಮನಸ್ಸಿನ ಗಾಯ. ಇವರು ಊರಿಗೆ ಬಂದರೆ ಯಾರು ಕೆಲಸ ಕೊಡ್ತಾರೆ? 'ತಲೆ ಕೆಟ್ಟವನು' ಅಂತ ದೂರ ಇಡ್ತಾರೆ. ಹಾಗಾಗಿ ಇವರೂ ಎಲ್ಲರಂತೆ ಕೆಲಸ ಮಾಡಬಲ್ಲರು ಅಂತ ಮಾಲೀಕರಿಗೆ, ಜನರಿಗೆ ತಿಳಿಸಲು ಒಂದು ಚಿತ್ರ ಮಾಡಿ ಅಂತ ಸೇನೆಯೇ ಜಾನ್ ಹ್ಯೂಸ್ಟನ್‌ಗೆ ಹೇಳಿತು. ಹ್ಯೂಸ್ಟನ್ ಹಾಲಿವುಡ್‌ನ ಹೆಸರಾಂತ ನಿರ್ದೇಶಕ, ಆಗ ಸೇನೆಯಲ್ಲಿದ್ದರು. 1945ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡಿನ ಮೇಸನ್ ಜನರಲ್ ಆಸ್ಪತ್ರೆಯಲ್ಲಿ ಕ್ಯಾಮೆರಾ ಇಟ್ಟರು. ನಟರಿಲ್ಲ. ಹಡಗಿಳಿದು ಬಂದ ರೋಗಿಗಳು, ಅವರ ವೈದ್ಯರು, ಅಷ್ಟೇ. ಹಿನ್ನೆಲೆ ಧ್ವನಿ ಕೊಟ್ಟವರು ಅವರ ತಂದೆ, ನಟ ವಾಲ್ಟರ್ ಹ್ಯೂಸ್ಟನ್. ಚಿತ್ರದ ಹೆಸರು 'ಲೆಟ್ ದೇರ್ ಬಿ ಲೈಟ್', ಬೆಳಕಾಗಲಿ ಅಂತ ಅರ್ಥ. ನಾನು ಲಾಕ್‌ಡೌನ್‌ನಲ್ಲಿ ನೋಡಿದ್ದು ಇದನ್ನೇ.

ಒಂದು ಗಂಟೆಗೂ ಚೂರು ಕಡಿಮೆ ಇರುವ ಚಿತ್ರ ಅದು. ಒಬ್ಬ ಸೈನಿಕನಿಗೆ ಕಾಲು ಬರೋದಿಲ್ಲ, ಎತ್ತಿಕೊಂಡು ಬರುತ್ತಾರೆ. ಇನ್ನೊಬ್ಬನಿಗೆ ತೊದಲು, ಬಾಯಿಂದ ಶಬ್ದ ಹೊರಡೋದಿಲ್ಲ. ಔಷಧ ಕೊಟ್ಟು ವೈದ್ಯರು ಮೆಲ್ಲಗೆ ಮಾತಾಡಿಸುತ್ತಾರೆ. ಆ ತೊದಲುವವನಿಗೆ ಇದ್ದಕ್ಕಿದ್ದಂತೆ ಮಾತು ಬರುತ್ತದೆ, ಮಾತು ಬಂತು ಮಾತು ಬಂತು ಅಂತ ಕೂಗುತ್ತಾನೆ. ಒಬ್ಬ ಕಪ್ಪು ಸೈನಿಕ ತನ್ನ ಹುಡುಗಿಯ ಫೋಟೋ ನೆನೆದು ವೈದ್ಯರ ಮುಂದೆ ಅಳುತ್ತಾನೆ. ಅಲ್ಲಿ ನಾನು ಮೊಬೈಲ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮಲ್ಲಿ ಯಾರ ಪರ್ಸಿನಲ್ಲಿ ಅಂಥ ಫೋಟೋ ಇಲ್ಲ ಹೇಳಿ?

ಇನ್ನೊಂದು ಸಂಗತಿ. ಆಗ ಅಮೆರಿಕದ ಸೇನೆಯಲ್ಲಿ ಕರಿಯರು ಬೇರೆ, ಬಿಳಿಯರು ಬೇರೆ. ಆ ಪದ್ಧತಿ ತೆಗೆಯಲು ಅಧ್ಯಕ್ಷ ಟ್ರೂಮನ್ ಆಜ್ಞೆ ಹೊರಡಿಸಿದ್ದೇ 1948ರಲ್ಲಿ. ಆದರೆ ಈ ಚಿತ್ರದಲ್ಲಿ ಒಂದೇ ಕೋಣೆಯಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ತಮ್ಮ ಭಯ ಹೇಳಿಕೊಳ್ಳುತ್ತಾರೆ.

ಹ್ಯೂಸ್ಟನ್ ತಮ್ಮ ಆತ್ಮಕಥೆಯಲ್ಲಿ ಒಂದು ಕುತೂಹಲದ ಮಾತು ಹೇಳುತ್ತಾರೆ. ಕ್ಯಾಮೆರಾದ ಮುಂದೆ ಚಿಕಿತ್ಸೆ ಪಡೆದ ಗುಂಪು, ಕ್ಯಾಮೆರಾ ಇಲ್ಲದ ಗುಂಪುಗಳಿಗಿಂತ ಬೇಗ ಚೇತರಿಸಿಕೊಂಡಂತೆ ಕಂಡಿತಂತೆ. ಇದು ಪ್ರಯೋಗ ಮಾಡಿ ಸಾಬೀತು ಮಾಡಿದ್ದಲ್ಲ, ಒಬ್ಬ ನಿರ್ದೇಶಕ ಕಂಡದ್ದು. ಆದರೂ ಯೋಚಿಸಿ. ನಂಬರ್ ಆಗಿಹೋದ ಮನುಷ್ಯನಿಗೆ, ನನ್ನ ಕಥೆ ಯಾರಿಗೋ ಬೇಕು, ಇದನ್ನು ನೋಡಲು ಯಾರೋ ಕಾಯ್ತಿದ್ದಾರೆ ಅನ್ನೋದೇ ಅರ್ಧ ಬಲ ಅಲ್ಲವೇ?

ಮೂವತ್ತನಾಲ್ಕು ವರ್ಷ ಬೀಗ

ಚಿತ್ರ ಮುಗಿಯಿತು. 1946ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ತೋರಿಸಬೇಕು ಅನ್ನುವಾಗ ಮಿಲಿಟರಿ ಪೊಲೀಸರು ಬಂದು ರೀಲು ತೆಗೆದುಕೊಂಡು ಹೋದರು. ರೋಗಿಗಳ ಖಾಸಗಿತನ ಕಾಪಾಡಬೇಕು ಅಂತ ಸೇನೆ ಕಾರಣ ಕೊಟ್ಟಿತು. ಹ್ಯೂಸ್ಟನ್ ಇದನ್ನು ಒಪ್ಪಲಿಲ್ಲ. ವೀರ ಸೈನಿಕ ಯುದ್ಧಕ್ಕೆ ಹೋಗಿ ಇನ್ನೂ ವೀರನಾಗಿ ವಾಪಸ್ ಬರ್ತಾನೆ ಅನ್ನೋ ಕಥೆಗೆ ಧಕ್ಕೆ ಆಗುತ್ತದೆ ಅಂತಲೇ ಮುಚ್ಚಿಟ್ಟರು ಅಂತ ಅವರ ವಾದ. ಅದೇ ವಿಷಯವನ್ನು ನಟರನ್ನು ಹಾಕಿ ಸೇನೆ ಬೇರೆ ಚಿತ್ರ ಮಾಡಿಸಿತು. ಅದರಲ್ಲಿ ಕಪ್ಪು ಸೈನಿಕರು ಇರಲಿಲ್ಲ.

ಮೂಲ ಚಿತ್ರಕ್ಕೆ ಬಿಡುಗಡೆ ಸಿಕ್ಕಿದ್ದು 1980ರ ಕೊನೆಗೆ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ಈಗ ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು.

ಈ ಮೂವತ್ತನಾಲ್ಕು ವರ್ಷದಲ್ಲಿ ಕೊರಿಯಾ ಯುದ್ಧ ಆಯಿತು, ವಿಯೆಟ್ನಾಂ ಯುದ್ಧ ಆಯಿತು. ವಿಯೆಟ್ನಾಂನಿಂದ ಬಂದ ಸಾವಿರಾರು ಹುಡುಗರು, ತಮಗಾದದ್ದು ತಮಗೆ ಮಾತ್ರ ಆಗಿದೆ, ತಮ್ಮಲ್ಲೇ ಏನೋ ಕೊರತೆ ಅಂತ ಒಳಗೊಳಗೇ ಬೆಂದರು. ಈ ಗಾಯಕ್ಕೆ ಪಿಟಿಎಸ್‌ಡಿ ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಪುಸ್ತಕದಲ್ಲಿ ಸೇರಿದ್ದು ಕೂಡ ಅದೇ 1980ರಲ್ಲಿ. ಒಂದು ಚಿತ್ರ ಬೀಗದೊಳಗೆ ಇದ್ದದ್ದರಿಂದಲೇ ಇಷ್ಟೆಲ್ಲ ಆಯಿತು ಅಂತ ನಾನು ಹೇಳೋದಿಲ್ಲ. ಆದರೆ ಅಪ್ಪಂದಿರ ಕಾಲದ ಸೈನಿಕರೂ ಹೀಗೇ ಅತ್ತಿದ್ದರು ಅಂತ ಮಕ್ಕಳಿಗೆ ಗೊತ್ತಿದ್ದರೆ ಎಷ್ಟು ಸಮಾಧಾನ ಆಗ್ತಿತ್ತೋ!

ಮೀನುಗಾರರ ದ್ವೀಪ

ಇಲ್ಲಿಯವರೆಗೆ ಹೇಳಿದ್ದು ಆಸ್ಪತ್ರೆಯ ಮಾತು. ಆದರೆ ನೋವು ಒಬ್ಬನಿಗೆ ಮಾತ್ರ ಆಗೋದಲ್ಲ, ಊರಿಗೆ ಊರೇ ಕುಗ್ಗಿಹೋಗುವುದುಂಟು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯದ ಈಶಾನ್ಯ ಕರಾವಳಿಯಲ್ಲಿ ಫೋಗೋ ಎಂಬ ದ್ವೀಪ. ಸುಮಾರು ಐದು ಸಾವಿರ ಜನ, ಸಣ್ಣ ಸಣ್ಣ ಹಳ್ಳಿಗಳು, ಮೀನುಗಾರಿಕೆಯೇ ಜೀವನ. 1960ರ ದಶಕದಲ್ಲಿ ದಡದ ಹತ್ತಿರ ಮೀನು ಸಿಗೋದು ಕಡಿಮೆ ಆಯಿತು. ಸರಕಾರ, ಇಲ್ಲಿರಬೇಡಿ, ಬೇರೆ ಕಡೆ ಹೋಗಿ ಅಂತ ಒತ್ತಾಯ ಶುರು ಮಾಡಿತು. ಹಳ್ಳಿ ಹಳ್ಳಿಗೂ ಧರ್ಮಭೇದ, ಒಬ್ಬರಿಗೊಬ್ಬರು ಸೇರೋದಿಲ್ಲ. ನಮ್ಮಿಂದ ಏನೂ ಆಗೋದಿಲ್ಲ ಅನ್ನೋ ಭಾವ ಎಲ್ಲರಲ್ಲೂ ಕೂತಿತ್ತು.

1967ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ನಿರ್ದೇಶಕ ಕಾಲಿನ್ ಲೋ ಅಲ್ಲಿಗೆ ಹೋದರು. ಅಲ್ಲಿನ ಮೆಮೋರಿಯಲ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ನೋಡನ್ ಇದಕ್ಕೆ ಒತ್ತಾಸೆಯಾಗಿ ನಿಂತಿದ್ದರು. ಒಂದು ದೊಡ್ಡ ಚಿತ್ರದ ಬದಲು 27 ಸಣ್ಣ ಚಿತ್ರಗಳು ತಯಾರಾದವು. ಒಂದೊಂದರಲ್ಲಿ ಒಬ್ಬ ಮೀನುಗಾರನ ಮಾತು, ಒಂದು ಮದುವೆ, ಒಂದು ಸಭೆ. ಅವರು ಪಾಲಿಸಿದ ನಿಯಮ ಇದು: ಚಿತ್ರವನ್ನು ಮೊದಲು ನೋಡೋದು ಅದರಲ್ಲಿ ಇರುವವರು. ಬೇಡ ಅಂದದ್ದನ್ನು ತೆಗೆಯಬೇಕು. ಆಮೇಲೆ ಊರಿನ ಹಾಲ್‌ಗಳಲ್ಲಿ ತೋರಿಸಬೇಕು.

ಸಭೆಯಲ್ಲಿ ಎದ್ದು ನಿಂತು ಮಾತಾಡಲು ಹಿಂಜರಿಯುತ್ತಿದ್ದವನು ತನ್ನ ದೋಣಿಯ ಪಕ್ಕ ಕೂತು ಕ್ಯಾಮೆರಾಕ್ಕೆ ಮನಸ್ಸು ಬಿಚ್ಚಿದ. ಪಕ್ಕದ ಹಳ್ಳಿಯವರು ಅದನ್ನು ನೋಡಿ, ಅರೆ ಇದು ನಮ್ಮದೇ ಮಾತು ಅಂದರು. ಚಿತ್ರಗಳು ರಾಜಧಾನಿಗೆ ಹೋದವು, ಮಂತ್ರಿಯ ಉತ್ತರವೂ ಚಿತ್ರದಲ್ಲೇ ವಾಪಸ್ ಬಂತು. ದ್ವೀಪದವರು ಸಹಕಾರ ಸಂಘ ಕಟ್ಟಿದರು, ದೊಡ್ಡ ದೋಣಿಗಳನ್ನು ಮಾಡಿದರು. ಜನ ದ್ವೀಪ ಬಿಡಲಿಲ್ಲ. ಇದೆಲ್ಲ ಸಿನಿಮಾ ಒಂದರಿಂದಲೇ ಆಗಿದ್ದಲ್ಲ, ಸಂಘಟನೆಯ ಕೆಲಸ ಮೊದಲೇ ಶುರುವಾಗಿತ್ತು. ಆದರೆ ತಮ್ಮ ಮುಖವನ್ನು ತಾವೇ ಪರದೆಯ ಮೇಲೆ ನೋಡಿಕೊಂಡ ಜನಕ್ಕೆ ತಮ್ಮ ಬಗ್ಗೆ ಇದ್ದ ಅಭಿಪ್ರಾಯ ಬದಲಾಯಿತು. 'ಫೋಗೋ ವಿಧಾನ' ಅಂತ ಅದಕ್ಕೆ ಹೆಸರೇ ಬಂತು, ಬೇರೆ ದೇಶಗಳಿಗೂ ಹಬ್ಬಿತು. ನಮ್ಮ ದೇಶದಲ್ಲೂ ಅಹಮದಾಬಾದಿನ 'ಸೇವಾ' ಸಂಘಟನೆಯ ಮಹಿಳೆಯರು 1984ರಲ್ಲಿ ವಿಡಿಯೋ ಕ್ಯಾಮೆರಾ ಕಲಿತರು. ಓದು ಬರಹ ಬಾರದ ಹೆಂಗಸರೂ ಕ್ಯಾಮೆರಾ ಹಿಡಿದು ತಮ್ಮ ದುಡಿಮೆಯ ಬದುಕನ್ನು ತಾವೇ ಚಿತ್ರ ಮಾಡಿದರು.

ಕಾವೇರಿಯ ಕಾಯಿಲೆ

ನಮ್ಮ ಕನ್ನಡದಲ್ಲಿ ಇದಕ್ಕೆ ಉದಾಹರಣೆ ಬೇಕಾದರೆ ದೂರ ಹೋಗಬೇಕಿಲ್ಲ. 'ಶರಪಂಜರ'. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಲ್ಪನಾ ಅಭಿನಯ. ತ್ರಿವೇಣಿ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಕಥೆಯ ಕಾವೇರಿಗೆ ಬಾಣಂತನದಲ್ಲಿ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರು, ನೆರೆಯವರು, ಗಂಡ ಯಾರೂ ಅವಳನ್ನು ಮೊದಲಿನಂತೆ ನೋಡೋದಿಲ್ಲ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಕಾಯಿಲೆ ವಾಸಿಯಾದರೂ ಜನರ ನೋಟ ವಾಸಿಯಾಗಲಿಲ್ಲ ಅನ್ನೋದೇ ಆ ಚಿತ್ರದ ಸಂಕಟ.

ನಮ್ಮ ಮನೆಯಲ್ಲೇ ನಡೆದದ್ದು ಹೇಳ್ತೀನಿ. ನಾನು ಚಿಕ್ಕವನಿದ್ದಾಗ ನಮ್ಮ ಚಿಕ್ಕಮ್ಮ ಹೆರಿಗೆಯಾದ ಮೇಲೆ ಮಗು ಮುಟ್ಟುತ್ತಿರಲಿಲ್ಲ, ಗೋಡೆ ನೋಡಿ ಮಾತಾಡುತ್ತಿದ್ದರು. ಗಾಳಿ ಸೋಕಿದೆ, ಮಂತ್ರವಾದಿಯನ್ನು ಕರೆಸಿ ಅಂತ ಎಲ್ಲರೂ ಹೇಳಿದರು. ನಮ್ಮಮ್ಮ ಮೂರನೇ ಕ್ಲಾಸಿನವರೆಗೆ ಓದಿದವರು. ಅವರು ಮಾತ್ರ ಹಠ ಹಿಡಿದರು: 'ಗಾಳಿಯೂ ಅಲ್ಲ ಗೀಳಿಯೂ ಅಲ್ಲ. ಇದು ಶರಪಂಜರದ ಕಾವೇರಿ ಕಾಯಿಲೆ. ಬೆಂಗಳೂರಿಗೆ ಕರ್ಕೊಂಡ್ ಹೋಗಿ.' ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕೂತು ನೋಡಿದ ಒಂದು ಸಿನಿಮಾ ನಮ್ಮಮ್ಮನಿಗೆ ಆ ಕಾಯಿಲೆಗೆ ಹೆಸರು ಕೊಟ್ಟಿತ್ತು. ಚಿಕ್ಕಮ್ಮ ಚಿಕಿತ್ಸೆ ಪಡೆದು ಬಂದರು. ಅಮ್ಮ ಇನ್ನೊಂದು ಕೆಲಸವನ್ನೂ ಮಾಡಿದರು. ಚಿಕ್ಕಮ್ಮ ವಾಪಸ್ ಬಂದ ದಿನವೇ ಮಗುವನ್ನು ಅವರ ಮಡಿಲಿಗೆ ಹಾಕಿ, ಅಡುಗೆಮನೆ ಒಪ್ಪಿಸಿ, ಮೊದಲಿನಂತೆಯೇ ಜಗಳ ಆಡಿದರು. ಅದೂ ಆ ಸಿನಿಮಾದಿಂದ ಕಲಿತದ್ದೇ ಅಂತ ನನ್ನ ನಂಬಿಕೆ.

ಹೇಗೆ ಕೆಲಸ ಮಾಡುತ್ತದೆ?

ಸಿನಿಮಾ ತೋರಿಸಿ ಮಾತಾಡಿಸುವ ಪದ್ಧತಿಗೆ 'ಸಿನಿಮಾ ಥೆರಪಿ' ಅಂತ ಮನಶ್ಶಾಸ್ತ್ರಜ್ಞರು ಹೆಸರಿಟ್ಟು ಲೇಖನ ಬರೆದದ್ದು 1990ರಲ್ಲಿ. ಕೆಲಸ ಅದಕ್ಕೆ ಮುಂಚೆಯೇ ನಡೆದಿತ್ತು ಅನ್ನೋದನ್ನು ಮೇಲೆ ನೋಡಿದಿರಿ. ನನಗೆ ಅರ್ಥವಾದ ಹಾಗೆ ಇದರ ಒಳಗುಟ್ಟು ಹೀಗೆ.

ನೋಡುವಾಗ ಆಗೋದು ಒಂದು. ನನ್ನ ದುಃಖ ಅಂತ ಹೇಳಿಕೊಳ್ಳಲು ನಾಚಿಕೆ, ಗಂಡಸು ಅಳಬಾರದು ಅನ್ನೋ ಹಟ. ಪರದೆಯ ಮೇಲಿನವನಿಗಾಗಿ ಅಳಲು ಯಾರೂ ಬೇಡ ಅನ್ನೋದಿಲ್ಲ. ಅವನಿಗಾಗಿ ಅತ್ತ ಕಣ್ಣೀರಿನಲ್ಲಿ ನಮ್ಮದೂ ಸೇರಿ ಹರಿದುಹೋಗುತ್ತದೆ. ಆಮೇಲೆ ಮಾತಾಡಲು ಒಂದು ದಾರಿ ಸಿಗುತ್ತದೆ. ಯಾಕೆ ಅತ್ತೆ ಅಂದರೆ, ಆ ಸೀನು ನೋಡಿ ಅಂತ ಶುರು ಮಾಡಬಹುದು.

ಮಾಡುವಾಗ ಆಗೋದು ಇನ್ನೊಂದು. ಕೆಟ್ಟ ನೆನಪು ಚೂರುಚೂರಾಗಿ ಬರುತ್ತದೆ, ಕೇಳದೇ ಬರುತ್ತದೆ, ರಾತ್ರಿ ಎರಡಕ್ಕೆ ಬರುತ್ತದೆ. ಸಿನಿಮಾ ಮಾಡಬೇಕಾದರೆ ಮೊದಲು ಯಾವುದು, ಆಮೇಲೆ ಯಾವುದು, ಕೊನೆಗೆ ಯಾವುದು ಅಂತ ಜೋಡಿಸಲೇಬೇಕು. ಯಾವುದನ್ನು ತೋರಿಸೋದು, ಯಾವುದನ್ನು ಬಿಡೋದು ಅಂತ ನಾವೇ ತೀರ್ಮಾನ ಮಾಡಬೇಕು. ನಮ್ಮನ್ನು ಆಳುತ್ತಿದ್ದ ನೆನಪನ್ನು ಆಗ ನಾವು ಆಳುತ್ತೇವೆ. ಜೊತೆಗೆ ಒಬ್ಬನೇ ಸಿನಿಮಾ ಮಾಡಲು ಆಗೋದಿಲ್ಲ, ನಾಲ್ಕು ಜನ ಬೇಕು. ಆ ನಾಲ್ಕು ಜನವೇ ಅರ್ಧ ಮದ್ದು.

ಈಗ ಜನರಲ್ ಪ್ಯಾಟನ್ ಕಥೆಗೆ ವಾಪಸ್ ಬರೋಣ. ಅವರ ಮೊಮ್ಮಗ ಬೆಂಜಮಿನ್ ಪ್ಯಾಟನ್ ಚಿತ್ರ ನಿರ್ಮಾಪಕರು. ಇರಾಕ್, ಅಫ್ಘಾನಿಸ್ತಾನ ಯುದ್ಧಗಳಿಂದ ಮನಸ್ಸು ನೊಂದು ಬಂದ ಸೈನಿಕರಿಗೆ ಅವರು ಸಿನಿಮಾ ಶಿಬಿರಗಳನ್ನು ನಡೆಸಿದರು. ಸೈನಿಕರು ಸಣ್ಣ ಗುಂಪಾಗಿ ಕೂತು ತಮ್ಮ ಕಥೆ ಬರೆದು, ತಾವೇ ಚಿತ್ರೀಕರಿಸಿ, ಎಡಿಟ್ ಮಾಡಿ, ಎಲ್ಲರ ಮುಂದೆ ತೋರಿಸುತ್ತಾರೆ. ಮನಸ್ಸಿಗೆ ಗಾಯವಾದ ಸೈನಿಕನನ್ನು ಅಜ್ಜ ಹೊಡೆದರು, ಮೊಮ್ಮಗ ಅಂಥವರ ಕೈಗೇ ಕ್ಯಾಮೆರಾ ಕೊಟ್ಟ. ಒಂದೇ ಮನೆತನದ ಎರಡು ತಲೆಮಾರಿನಲ್ಲಿ ಲೋಕ ಇಷ್ಟು ಬದಲಾಯಿತು.

ನಮ್ಮ ಕೈಯಲ್ಲಿರುವ ಕ್ಯಾಮೆರಾ

ಇವತ್ತು ನಮ್ಮೆಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಆದರೆ ಅದರಿಂದ ಗಾಯವೂ ಆಗುತ್ತದೆ. ಕೆಲವು ವರ್ಷದ ಹಿಂದೆ ನಮ್ಮದೇ ಒಂದು ಸೈಟಿನಲ್ಲಿ ಬಿಜಾಪುರ ಕಡೆಯ ಒಬ್ಬ ಹುಡುಗ, ಬಂದು ಮೂರು ತಿಂಗಳಾಗಿತ್ತು, ಬಿಸಿಲಿಗೆ ತಾಳಲಾರದೆ ಕೂತು ಅಮ್ಮನ ಹೆಸರು ಹೇಳಿ ಅತ್ತ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು, ಹಾಡು ಸೇರಿಸಿ, ಗ್ರೂಪುಗಳಿಗೆ ಬಿಟ್ಟರು. ಎರಡು ದಿನದಲ್ಲಿ ಅದು ಅವನ ಊರಿಗೇ ತಲುಪಿತು. ಅವನ ತಾಯಿ ಅದನ್ನು ನೋಡಿದರು. ಆ ಹುಡುಗ ಆಮೇಲೆ ಯಾರ ಜೊತೆಯೂ ಊಟಕ್ಕೆ ಕೂರಲಿಲ್ಲ, ಮುಂದಿನ ತಿಂಗಳು ಕೆಲಸ ಬಿಟ್ಟು ಹೋದ. ಆ ವಿಡಿಯೋ ನನ್ನ ಫೋನಿಗೂ ಬಂದಿತ್ತು. ನಾನೂ ನೋಡಿದೆ. ಇದು ತಪ್ಪು, ಡಿಲೀಟ್ ಮಾಡಿ ಅಂತ ಗ್ರೂಪಿನಲ್ಲಿ ಒಂದು ಸಾಲು ಬರೆಯಲಿಲ್ಲ. ಆ ತಪ್ಪು ನನ್ನದೂ ಹೌದು.

ಫೋಗೋ ದ್ವೀಪದವರ ನಿಯಮ ಎಷ್ಟು ದೊಡ್ಡದು ಅಂತ ನನಗೆ ತಿಳಿದದ್ದು ಆಮೇಲೆ. ಯಾರ ಚಿತ್ರವೋ ಅವರು ಮೊದಲು ನೋಡಬೇಕು, ಅವರು ಬೇಡ ಅಂದರೆ ಅಳಿಸಬೇಕು. ಈ ದೇಶದ ಕಾನೂನಿನಲ್ಲೂ ಅನುಮತಿ ಇಲ್ಲದೆ ಇನ್ನೊಬ್ಬರ ಚಿತ್ರ ತೆಗೆದು ಹಂಚುವುದು ಅಪರಾಧ. ಕಾನೂನಿಗೆ ಹೆದರಿ ಅಲ್ಲದಿದ್ದರೂ ಆ ಹುಡುಗನ ಮುಖ ನೆನೆದಾದರೂ ನಾವು ಇದನ್ನು ಪಾಲಿಸಬೇಕು.

ಎರಡನೇ ಎಚ್ಚರಿಕೆ, ಸಿನಿಮಾ ಡಾಕ್ಟರ್ ಅಲ್ಲ. ಹ್ಯೂಸ್ಟನ್ ಚಿತ್ರದಲ್ಲೂ ಸಿನಿಮಾ ಇದ್ದದ್ದು ಆಸ್ಪತ್ರೆಯ ಒಳಗೆ, ವೈದ್ಯರ ಪಕ್ಕದಲ್ಲಿ. ಕೆಲವು ದೃಶ್ಯಗಳು ಗಾಯವನ್ನು ಕೆದಕಲೂಬಹುದು. ಸೈಟಿನಲ್ಲಿ ಅಪಘಾತ ಕಂಡವನಿಗೆ ಅಪಘಾತದ ಸೀನು ತೋರಿಸಿ ಸರಿ ಮಾಡ್ತೀನಿ ಅಂತ ಹೋಗಬೇಡಿ. ನಿದ್ದೆ ಇಲ್ಲ, ಊಟ ಇಲ್ಲ, ಸಾಯುವ ಮಾತಾಡ್ತಾನೆ ಅಂದರೆ ಅವನನ್ನು ಒಬ್ಬನೇ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಊರಿನಲ್ಲಿರುವ ಹೆಂಡತಿ, ಅಪ್ಪ ಅಮ್ಮನಿಗೂ ಇಂಥ ಕಷ್ಟ ಇರುತ್ತದೆ. ಭಾರತದೊಳಗೆ 14416 ನಂಬರಿಗೆ ಫೋನ್ ಮಾಡಿದರೆ ಸರಕಾರದ ಟೆಲಿ-ಮಾನಸ್ ಸೇವೆಯವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈ ನಂಬರನ್ನು ಇವತ್ತೇ ಮನೆಗೆ ಕಳಿಸಿ.

ಕೊನೆಗೆ ನಮ್ಮ ವೇದಿಕೆಯ ಬಂಧುಗಳಿಗೆ ನನ್ನದೊಂದು ಕೋರಿಕೆ. ವರ್ಷಕ್ಕೊಮ್ಮೆ ರಾಜ್ಯೋತ್ಸವದಲ್ಲಿ ನಾವು ಹಾಡು, ನೃತ್ಯ ಮಾಡಿಸುತ್ತೇವೆ, ಸಂತೋಷ. ಅದರ ಜೊತೆ ತಿಂಗಳಿಗೊಂದು ರಜಾದಿನ ಯಾವುದಾದರೂ ಒಂದು ಕ್ಯಾಂಪಿನಲ್ಲಿ ಒಂದು ಕನ್ನಡ ಸಿನಿಮಾ ಹಾಕೋಣ. ಮುಗಿದ ಮೇಲೆ ತಕ್ಷಣ ಎದ್ದು ಹೋಗದೆ ಅರ್ಧ ಗಂಟೆ ಚಹಾ ಕುಡಿಯುತ್ತಾ ಕೂರೋಣ. ಯಾರನ್ನೂ ಮಾತಾಡು ಅಂತ ಒತ್ತಾಯ ಮಾಡೋದು ಬೇಡ. ಆಸೆ ಇದ್ದವರು ಮೂರು ನಿಮಿಷದ ಒಂದು ಚಿತ್ರ ಮಾಡಲಿ: ನನ್ನ ಮಂಚ, ನನ್ನ ಟಿಫಿನ್ ಡಬ್ಬಿ, ನಾನು ಕಟ್ಟಿದ ಬಿಲ್ಡಿಂಗು. ನಾವು ಸಾಮಾನ್ಯವಾಗಿ ಮನೆಗೆ ಕಳಿಸೋದು ಮಾಲ್ ಮುಂದೆ ನಿಂತ ಫೋಟೋ ಮಾತ್ರ ತಾನೇ? ನಿಜವಾದ ನಮ್ಮ ದಿನ ಹೇಗಿದೆ ಅಂತ ನಮ್ಮ ಮಕ್ಕಳೂ ಒಮ್ಮೆ ನೋಡಲಿ.

ಕಾರ್ಕಳದ ಅಣ್ಣ ಈಗ ಊರಿನಲ್ಲಿದ್ದಾರೆ. ಈ ಲೇಖನದಲ್ಲಿ ನಿಮ್ಮ ವಿಷಯ ಬರೆಯಲಾ ಅಂತ ಫೋನ್ ಮಾಡಿ ಕೇಳಿದೆ. 'ಹೆಸರು ಹಾಕ್ಬೇಡಿ, ಮತ್ತೆ ಎಂತ ಬೇಕಾದ್ರೂ ಬರೀರಿ' ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ದಿನ ಟಿವಿ ಪುನಃ ಹಾಕಿದ್ದು ಯಾರು, ನೆನಪುಂಟಾ?' ಅಂತ ಕೇಳಿದರು. ನನಗೆ ನೆನಪಿರಲಿಲ್ಲ. ಎಂಟು ಜನರಲ್ಲಿ ಯಾರೋ ಒಬ್ಬರು ಹಾಕಿದ್ದರು.